ವಿಲ್ ಬಿದ್ದರೆ ಯಾರ ಪಾಲು ಬೆಳೆಯುತ್ತದೆ?

2025ರ ಡಿಸೆಂಬರ್‌ನಲ್ಲಿ ಸಂಸತ್ತು ಬಳಕೆ ತಪ್ಪಿದ ಹತ್ತಾರು ಹಳೆಯ ಕಾಯ್ದೆಗಳನ್ನು ಒಂದೇ ಏಟಿಗೆ ರದ್ದು ಮಾಡಿತು. ಆ ಮಸೂದೆಯ ಒಂದು ಮೂಲೆಯಲ್ಲಿ, 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 213ನೇ ಸೆಕ್ಷನ್ ಕೈಬಿಡುವ ಮಾತೂ ಇತ್ತು. ಸುದ್ದಿ ಬಾಯಿಂದ ಬಾಯಿಗೆ ಹೋದಾಗ ಮೊದಲು 'ವಿಲ್‌ಗೆ ಇನ್ನು ಕೋರ್ಟಿನ ಮುದ್ರೆ ಬೇಡ' ಎಂದಾಗುತ್ತದೆ, ಇನ್ನೊಂದು ಬಾಯಿ ದಾಟಿದರೆ 'ವಿಲ್ ಮೇಲೆ ಇನ್ನು ಯಾರೂ ಕೇಸು ಹಾಕುವಂತಿಲ್ಲ' ಎಂದಾಗುತ್ತದೆ. ಮೊದಲನೆಯದು ಅರ್ಧ ನಿಜ, ಎರಡನೆಯದು ಸುಳ್ಳು.

ಇದೇ ಸಮಯಕ್ಕೆ ಕಂದಾಯ ಇಲಾಖೆ ಇ-ಪೌತಿ ಆಂದೋಲನ ಕೈಗೆತ್ತಿಕೊಂಡಿದೆ. ತೀರಿಹೋದವರ ಹೆಸರಿನಲ್ಲೇ ಉಳಿದ ಪಹಣಿಗಳನ್ನು ವಾರಸುದಾರರ ಹೆಸರಿಗೆ ಮಾಡಲು ಗ್ರಾಮ ಆಡಳಿತಾಧಿಕಾರಿಗಳು ವಂಶವೃಕ್ಷ ಕೇಳುತ್ತಿದ್ದಾರೆ. ವಂಶವೃಕ್ಷ ಬರೆಯಲು ಕೂತ ಮನೆಯಲ್ಲೇ 'ಅಪ್ಪ ವಿಲ್ ಬರೆದಿಟ್ಟಿದ್ದಾರೆ' ಎಂದು ಒಬ್ಬರು ಕಾಗದ ತೆಗೆಯುವುದು. ಚನ್ನಗಿರಿಯ ಅಡಿಕೆ ತೋಟ, ಭದ್ರಾ ನಾಲೆಯ ಕೆಳಗಿನ ಗದ್ದೆ, ಹೆದ್ದಾರಿ ಪಕ್ಕದ ಜಮೀನು, ದಾವಣಗೆರೆಯ ಸೈಟು, ಇವುಗಳ ಬೆಲೆ ಏರಿದಷ್ಟೂ ಆ ಕಾಗದದ ತೂಕ ಏರುತ್ತದೆ. ತುಮಕೂರು–ಚಿತ್ರದುರ್ಗ–ದಾವಣಗೆರೆ ರೈಲು ಮಾರ್ಗಕ್ಕೋ ಭದ್ರಾ ಮೇಲ್ದಂಡೆಗೋ ಭೂಮಿ ಹೋಗಿ ಪರಿಹಾರ ಬರುವುದಿದ್ದರಂತೂ ಹತ್ತು ವರ್ಷ ಸುಮ್ಮನಿದ್ದ ಮಕ್ಕಳೂ ವಕೀಲರ ಮನೆ ಹುಡುಕುತ್ತಾರೆ.

ಹೀಗೆ ಹುಡುಕಿಕೊಂಡು ಹೋದವರಲ್ಲಿ ಹೆಚ್ಚಿನವರ ಪ್ರಶ್ನೆ ಒಂದೇ: ಈ ವಿಲ್ ಮುರಿದು ನನ್ನ ಪಾಲು ಹೆಚ್ಚಿಸಿಕೊಳ್ಳಬಹುದೇ? ಮುರಿಯಲು ಬರುವುದೋ ಇಲ್ಲವೋ ಎಂಬುದು ಒಂದು ವಿಚಾರ. ಮುರಿದ ಮೇಲೆ ಪಾಲು ಹೆಚ್ಚುತ್ತದೆಯೇ ಎಂಬುದು ಬೇರೆಯೇ ವಿಚಾರ, ಅದರ ಲೆಕ್ಕ ಹಾಕದೆ ದಾವೆ ಹೂಡುವವರೇ ಬಹಳ.

ಮುಂಬೈಗೆ ಹೊಸದು, ನಮಗೆ ಹಳೆಯದು

ಪ್ರೊಬೇಟ್ ಎಂದರೆ ವಿಲ್ ಅಸಲಿ ಎಂದು ಕೋರ್ಟು ಕೊಡುವ ದೃಢೀಕರಣ. ಹಿಂದೂಗಳ ಮಟ್ಟಿಗೆ 213ನೇ ಸೆಕ್ಷನ್ ಇದನ್ನು ಕಡ್ಡಾಯ ಮಾಡಿದ್ದು ಬ್ರಿಟಿಷರ ಕಾಲದ ಮೂರು ಪಟ್ಟಣಗಳಾದ ಕೋಲ್ಕತ್ತ, ಚೆನ್ನೈ, ಮುಂಬೈ ವ್ಯಾಪ್ತಿಯಲ್ಲಿ ಬರೆದ ಅಥವಾ ಅಲ್ಲಿನ ಸ್ಥಿರಾಸ್ತಿಗೆ ಸಂಬಂಧಿಸಿದ ವಿಲ್‌ಗಳಿಗೆ. ಮೈಸೂರು ಸಂಸ್ಥಾನದಲ್ಲಿದ್ದ ಚಿತ್ರದುರ್ಗ ಜಿಲ್ಲೆಗಾಗಲಿ, 1997ರಲ್ಲಿ ಅದರಿಂದ ಒಡೆದು ಆದ ದಾವಣಗೆರೆಗಾಗಲಿ ಆ ಕಡ್ಡಾಯ ಇರಲೇ ಇಲ್ಲ. ಮುಂಬೈಯಲ್ಲೊಂದು ಫ್ಲ್ಯಾಟ್ ಇಟ್ಟುಕೊಂಡ ವ್ಯಾಪಾರಿ ಮನೆತನದವರನ್ನು ಬಿಟ್ಟರೆ ಇಲ್ಲಿನವರಿಗೆ ಈ ತಿದ್ದುಪಡಿಯಿಂದ ಬದಲಾದದ್ದು ಏನೂ ಇಲ್ಲ.

ಪ್ರೊಬೇಟ್ ಇಲ್ಲದ ಕಡೆ ವಿಲ್‌ನ ಪರೀಕ್ಷೆ ತಾನಾಗಿ ನಡೆಯುವುದಿಲ್ಲ, ಯಾರಾದರೂ ತಕರಾರು ಎತ್ತಿದಾಗ ಮಾತ್ರ ನಡೆಯುತ್ತದೆ. ಅಷ್ಟರೊಳಗೆ ಖಾತೆ ಬದಲಾಗಿರಬಹುದು, ಸೊಸೈಟಿಯಿಂದ ಸಾಲ ಎತ್ತಿರಬಹುದು, ಜಮೀನು ಲೇಔಟ್ ಆಗಿ ಮಾರಿಯೂ ಹೋಗಿರಬಹುದು. ಮುಂಬೈಯವರು ಇನ್ನು ಮುಂದೆ ಎದುರಿಸಲಿರುವ ಈ ತೊಡಕು ನಮ್ಮ ಸಿವಿಲ್ ಕೋರ್ಟುಗಳಿಗೆ ದಿನದ ಕೆಲಸ.

ಅನ್ಯಾಯ ಎಂಬ ಒಂದೇ ವಾದ ನಿಲ್ಲುವುದಿಲ್ಲ

'ದೊಡ್ಡವನಿಗೆ ನಾಲ್ಕು, ನನಗೆ ಎರಡು. ನಾನೇನು ಮಗನಲ್ಲವೇ?' ಕೇಳುವವರ ನೋವು ದೊಡ್ಡದೇ. ಆದರೆ ಹಿಂದೂ ಕಾನೂನಿನಲ್ಲಿ ವಯಸ್ಸಿಗೆ ಬಂದ ಮಗನಿಗೋ ಮಗಳಿಗೋ ತಂದೆಯ ಸ್ವಯಾರ್ಜಿತದಲ್ಲಿ ಇಷ್ಟು ಪಾಲು ಬಿಡಲೇಬೇಕೆಂಬ ನಿಯಮ ಇಲ್ಲ. ಸ್ವಂತ ದುಡಿಮೆಯ ಆಸ್ತಿಯನ್ನು ಒಬ್ಬ ಮಗನಿಗೆ, ಮಠಕ್ಕೆ, ಕೊನೆಗಾಲದಲ್ಲಿ ನೋಡಿಕೊಂಡ ತಮ್ಮನ ಮಗನಿಗೆ, ಯಾರಿಗೆ ಬೇಕಾದರೂ ಬರೆಯಬಹುದು. ಸಹಜ ವಾರಸುದಾರರಿಗೆ ಸಿಗುವುದನ್ನು ಬದಲಿಸಲೆಂದೇ ವಿಲ್ ಬರೆಯುವುದು, ಹಾಗಾಗಿ ಒಬ್ಬರನ್ನು ಕೈಬಿಟ್ಟದ್ದೇ ವಿಲ್ ಸುಳ್ಳು ಎನ್ನಲು ಸಾಲದು ಎಂದು ಸುಪ್ರೀಂ ಕೋರ್ಟ್ ಹೇಳಿದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಎರಡನೇ ಸೆಕ್ಷನ್ ವೀರಶೈವ, ಲಿಂಗಾಯತರನ್ನು ಹೆಸರು ಹಿಡಿದೇ ಒಳಗೆ ತರುತ್ತದೆ. ಆದ್ದರಿಂದ ನಮ್ಮ ಕಡೆಯ ಬಹುಪಾಲು ಕುಟುಂಬಗಳಿಗೆ ಅನ್ವಯವಾಗುವುದು ಇದೇ.

ಮುಸ್ಲಿಂ ಕುಟುಂಬಗಳ ದಾರಿ ಬೇರೆ. ಅಲ್ಲಿ ಅಂತ್ಯಕ್ರಿಯೆಯ ಖರ್ಚು, ಸಾಲ ಕಳೆದು ಉಳಿದದ್ದರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ವಾರಸುದಾರರ ಒಪ್ಪಿಗೆಯಿಲ್ಲದೆ ವಿಲ್‌ನಲ್ಲಿ ಕೊಡಲು ಬರುವುದಿಲ್ಲ. ಸುನ್ನಿಗಳಲ್ಲಿ ವಾರಸುದಾರನಿಗೇ ವಿಲ್ ಬರೆದರೆ ಉಳಿದವರು ಒಪ್ಪಿದರಷ್ಟೇ ಅದು ನಡೆಯುತ್ತದೆ.

ಹಿಂದೂಗಳಲ್ಲೂ ಒಂದು ಸಣ್ಣ ಆಸರೆ ಇದೆ. ವಿಲ್‌ನಲ್ಲಿ ಏನೂ ಸಿಗದ ವಿಧವೆ, ಅಪ್ರಾಪ್ತ ಮಕ್ಕಳು, ಮದುವೆಯಾಗದ ಮಗಳು ಇಂಥವರು ತೀರಿಕೊಂಡವರ ಆಸ್ತಿಯಿಂದ ಜೀವನಾಂಶ ಕೇಳಬಹುದು. ದುಡಿಯುವ ವಯಸ್ಸಿನ ಮಗ ಆ ಪಟ್ಟಿಯಲ್ಲಿಲ್ಲ.

ಮೊದಲ ಪ್ರಶ್ನೆ: ಅದು ಅಪ್ಪನದೇ ಆಗಿತ್ತೇ?

ವಿಲ್ ದಾವೆಯಲ್ಲಿ ಸಹಿಯ ಮೇಲೇ ಎಲ್ಲರ ಕಣ್ಣು. ಅದಕ್ಕೂ ಮೊದಲು ನೋಡಬೇಕಾದದ್ದು ಆಸ್ತಿಯ ಹುಟ್ಟು. ಒಟ್ಟು ಕುಟುಂಬದ ಆಸ್ತಿಯಾಗಿದ್ದರೆ ಅಪ್ಪ ವಿಲ್ ಬರೆಯಬಹುದಾದದ್ದು ತನ್ನ ಪಾಲಿಗೆ ಮಾತ್ರ. ಅಷ್ಟನ್ನು ಬರೆಯುವ ಹಕ್ಕನ್ನು 1956ರ ಕಾಯ್ದೆಯ 30ನೇ ಸೆಕ್ಷನ್ ಕೊಟ್ಟಿದೆ. ಮಕ್ಕಳ ಪಾಲು ಹುಟ್ಟಿನಿಂದ ಬಂದದ್ದು, ಅಪ್ಪನ ಸಹಿ ಎಷ್ಟೇ ಅಸಲಿಯಾಗಿದ್ದರೂ ಅದನ್ನು ಮುಟ್ಟುವುದಿಲ್ಲ. ಹಾಗಾಗಿ ಸಹಿ ತಮ್ಮ ತಂದೆಯದೇ ಎಂದು ಒಪ್ಪಿಕೊಂಡೂ ದಾವೆ ಗೆಲ್ಲುವವರಿದ್ದಾರೆ.

ಇಲ್ಲಿ ಊರ ತಿಳಿವಳಿಕೆಗೂ ಕಾನೂನಿಗೂ ದೊಡ್ಡ ಬಿರುಕಿದೆ. 'ತಾತನಿಂದ ಬಂದದ್ದೆಲ್ಲ ಪಿತ್ರಾರ್ಜಿತ' ಎಂದು ಕಟ್ಟೆಯ ಮೇಲೆ ಕೂತವರು ಹೇಳುತ್ತಾರೆ. ಕಾನೂನು ತಾತ ತೀರಿಕೊಂಡ ವರ್ಷ ಕೇಳುತ್ತದೆ. ತಾತ ತನ್ನ ಸ್ವಂತ ಆಸ್ತಿ ಬಿಟ್ಟು 1956ರ ಜೂನ್ 17ರ ನಂತರ ತೀರಿಕೊಂಡಿದ್ದರೆ, ಅಪ್ಪನಿಗೆ ಬಂದದ್ದು ಅಪ್ಪನ ಪ್ರತ್ಯೇಕ ಆಸ್ತಿ. ಮೊಮ್ಮಕ್ಕಳಿಗೆ ಅದರಲ್ಲಿ ಹುಟ್ಟು ಹಕ್ಕಿಲ್ಲ ಎಂದು 1986ರ ಚಂದರ್ ಸೇನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ಅದೇ ಜಮೀನು ತಾತ, ಮುತ್ತಾತನ ಕಾಲದ ಒಟ್ಟು ಕುಟುಂಬದ್ದಾಗಿ, ಅಣ್ಣತಮ್ಮಂದಿರ ಪಾಲುಪಟ್ಟಿಯಲ್ಲಿ ಅಪ್ಪನ ಕೈಗೆ ಬಂದಿದ್ದರೆ ಮಕ್ಕಳಿಗೆ ಹಕ್ಕಿದೆ. 'ಪಾಲುಪಟ್ಟಿ' ಎಂಬ ತಲೆಬರಹ ಇದ್ದರೆ ಸಾಲದು, ಪಾಲಾದ ಆಸ್ತಿ ಮೊದಲು ಯಾರದಾಗಿತ್ತು ಎಂಬುದು ಮುಖ್ಯ.

ಇನ್ನೂ ಸಿಕ್ಕು ಗೇಣಿ ಜಮೀನಿನದು. 1974ರ ಭೂಸುಧಾರಣೆಯ ನಂತರ ಗೇಣಿದಾರರ ಅರ್ಜಿಯಾದ ಫಾರಂ ನಂಬರ್ 7 ಕೊಟ್ಟು, ಭೂ ನ್ಯಾಯಮಂಡಳಿಯಿಂದ ಅಧಿಭೋಗದ ಹಕ್ಕು, ಅಂದರೆ ಉಳುತ್ತಿದ್ದ ಜಮೀನಿನ ಒಡೆತನ ಪಡೆದ ಕುಟುಂಬಗಳಲ್ಲಿ ಹೆಸರು ಇರುವುದು ಹಿರಿಯನೊಬ್ಬನದು. ಆದರೆ ಗೇಣಿ ಮಾಡಿದ್ದು ಇಡೀ ಕುಟುಂಬವೇ ಎಂದು ತೋರಿಸಿದರೆ ಆ ಹಕ್ಕು ಕುಟುಂಬದ್ದಾಗುತ್ತದೆ. ಹಳೆಯ ಗೇಣಿ ಚೀಟಿ, ಕಂದಾಯ ರಸೀದಿ, ನ್ಯಾಯಮಂಡಳಿಯ ಆದೇಶದ ನಕಲು ಇಲ್ಲಿ ಸಾಕ್ಷಿಗಳಿಗಿಂತ ಹೆಚ್ಚು ಮಾತಾಡುತ್ತವೆ.

ಪೇಟೆಯಲ್ಲಿ ಇದೇ ಪ್ರಶ್ನೆಗೆ ಬೇರೆ ವೇಷ. ಅಪ್ಪನ ಹೆಸರಿನ ದಲಾಲಿ ಅಂಗಡಿಯಲ್ಲಿ ಇಪ್ಪತ್ತು ವರ್ಷ ಗಲ್ಲೆಯ ಮೇಲೆ ಕೂತ ಮಗನಿಗೆ ಅಂಗಡಿ ತನ್ನದೂ ಹೌದು ಅನಿಸುವುದು ಸಹಜ. ಕುಟುಂಬದ ಒಬ್ಬ ಸದಸ್ಯ ನಡೆಸಿದ ವ್ಯಾಪಾರ ಒಟ್ಟು ಕುಟುಂಬದ್ದೇ ಎಂದು ಕಾನೂನು ತಾನಾಗಿ ಊಹಿಸುವುದಿಲ್ಲ. ಕುಟುಂಬದ ಮೂಲ ಬಂಡವಾಳ ಅದರಲ್ಲಿ ಬಿದ್ದಿತ್ತು ಎಂದು ಹಾಗೆ ಹೇಳುವವರೇ ತೋರಿಸಬೇಕು. ಸಂಬಳದ ಲೆಕ್ಕವೂ ಇಲ್ಲ, ಪಾಲುದಾರಿಕೆ ಪತ್ರವೂ ಇಲ್ಲ ಎಂದಾದರೆ ಕಷ್ಟ.

ಹೆಣ್ಣುಮಕ್ಕಳ ವಿಷಯದಲ್ಲಿ ಇತಿಹಾಸ ಹಂತಹಂತವಾಗಿ ಬದಲಾಗಿದೆ. ಕರ್ನಾಟಕ 1994ರಲ್ಲೇ ಅವರಿಗೆ ಹುಟ್ಟು ಹಕ್ಕು ಕೊಟ್ಟಿತಾದರೂ ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರದ ತಿದ್ದುಪಡಿ ಆ ಗೆರೆ ಅಳಿಸಿತು. ಅದು ಜಾರಿಗೆ ಬಂದ 2005ರ ಸೆಪ್ಟೆಂಬರ್ 9ಕ್ಕೆ ಅಪ್ಪ ಬದುಕಿರಬೇಕಿತ್ತೇ ಎಂಬ ಗೊಂದಲವನ್ನು 2020ರ ವಿನೀತಾ ಶರ್ಮಾ ತೀರ್ಪು ತೀರಿಸಿತು: ಬೇಕಿಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ಪತ್ರ ಅಥವಾ ಕೋರ್ಟಿನ ಡಿಕ್ರಿಯ ಮೂಲಕ ಆದ ವಿಭಾಗಗಳನ್ನು ಮಾತ್ರ ಕಾಯ್ದೆ ಕೆದಕುವುದಿಲ್ಲ. 'ಮದುವೆಗೆ ಇಷ್ಟು ಖರ್ಚು ಮಾಡಿದ್ದೇವೆ' ಎಂಬ ಮಾತು ಮನೆಯೊಳಗೆ ನಡೆದೀತು, ಕೋರ್ಟಿನಲ್ಲಿ ಹಕ್ಕು ಅಳಿಸುವುದಿಲ್ಲ.

ಎರಡನೆಯದು: ಕಾಗದ ಅಪ್ಪನದೇ?

ವಿಲ್ ಸಾಬೀತು ಮಾಡುವ ಹೊಣೆ ಅದನ್ನು ಮುಂದಿಟ್ಟವರದು. ಸುಳ್ಳೆಂದು ತೋರಿಸುವ ಹೊಣೆ ಎದುರಾಳಿಯದಲ್ಲ. 1925ರ ಉತ್ತರಾಧಿಕಾರ ಕಾಯ್ದೆಯ 63ನೇ ಸೆಕ್ಷನ್ ಪ್ರಕಾರ ಬರೆಸಿದವರ ಸಹಿ ಅಥವಾ ಹೆಬ್ಬೆಟ್ಟು, ಅದನ್ನು ಕಂಡ ಅಥವಾ ಅವರ ಬಾಯಿಂದಲೇ ಅದು ತಮ್ಮ ಸಹಿಯೆಂದು ಕೇಳಿದ ಇಬ್ಬರು ಸಾಕ್ಷಿಗಳು, ಅವರಿಬ್ಬರೂ ಬರೆಸಿದವರ ಎದುರಿನಲ್ಲೇ ಹಾಕಿದ ಸಹಿ, ಇಷ್ಟೂ ಬೇಕು. ಅವರಲ್ಲಿ ಒಬ್ಬರನ್ನಾದರೂ ಸಾಕ್ಷಿ ಕಟ್ಟೆಗೆ ತರಬೇಕು. ಮೊದಲು ಸಾಕ್ಷ್ಯ ಕಾಯ್ದೆಯ 68ನೇ ಸೆಕ್ಷನ್ ಆಗಿದ್ದ ಈ ನಿಯಮ 2024ರ ಜುಲೈಯಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 67ನೇ ಸೆಕ್ಷನ್ ಆಗಿದೆ. ಬಂದ ಸಾಕ್ಷಿ ತನ್ನ ಸಹಿಯ ಮಾತಾಡಿ ಇಳಿದುಹೋದರೆ ಆಗದು, ಇನ್ನೊಬ್ಬ ಸಾಕ್ಷಿಯೂ ಹಾಗೆಯೇ ಸಹಿ ಹಾಕಿದ ಎಂಬುದನ್ನೂ ಹೇಳಬೇಕು. ಈ ಒಂದು ಪ್ರಶ್ನೆ ಕೇಳಲು ಮರೆತು ಬಿದ್ದ ವಿಲ್‌ಗಳಿವೆ.

ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದರೆ ವಿಲ್ ಗಟ್ಟಿ ಎಂಬ ನಂಬಿಕೆ ಅರ್ಧ ಸರಿ. ನೋಂದಣಿ ಕಡ್ಡಾಯವಲ್ಲ, ಬಿಳಿ ಹಾಳೆಯ ವಿಲ್ ಕೂಡ ನಡೆಯುತ್ತದೆ. ನೋಂದಣಿಯಾಗಿದ್ದರೂ ಸಾಕ್ಷಿ ಕರೆಸುವುದು ತಪ್ಪುವುದಿಲ್ಲ. ಹಳೆಯ ಕಾಗದವಾದ್ದರಿಂದ ಅಸಲಿ ಇರಬೇಕೆಂಬ, 30 ವರ್ಷ ದಾಟಿದ ಪತ್ರಗಳಿಗೆ ಸಿಗುವ ಊಹೆಯ ಲಾಭವೂ ವಿಲ್‌ಗೆ ಇಲ್ಲ. ಮೊಬೈಲಿನಲ್ಲಿ ವಿಡಿಯೊ ಮಾಡಿಟ್ಟರೆ ಸಹಾಯವಾದೀತು, ಇಬ್ಬರು ಸಾಕ್ಷಿಗಳ ಜಾಗವನ್ನು ಅದು ತುಂಬದು.

ಇದೆಲ್ಲ ಸರಿಯಿದ್ದ ಮೇಲೂ ಉಳಿಯುವುದು ಅನುಮಾನದ ಸಂಗತಿಗಳು. ಈ ಕುರಿತು ಇಡೀ ದೇಶ ಇವತ್ತಿಗೂ ಉದ್ಧರಿಸುವ ತೀರ್ಪು ಹುಟ್ಟಿದ್ದು ನಮ್ಮ ಮೈಸೂರು ಸೀಮೆಯ ಮೊಕದ್ದಮೆಯಲ್ಲೇ: 1958ರಲ್ಲಿ ತೀರ್ಮಾನವಾದ ಎಚ್. ವೆಂಕಟಾಚಲ ಅಯ್ಯಂಗಾರ್ ಮತ್ತು ಬಿ.ಎನ್. ತಿಮ್ಮಜಮ್ಮ ನಡುವಿನ ಪ್ರಕರಣ. ವಿಲ್ ಬರೆದವರು ಕೋರ್ಟಿಗೆ ಬಂದು ಹೌದು, ಅಲ್ಲ ಎನ್ನಲಾರರು. ಆದ್ದರಿಂದ ನ್ಯಾಯಾಧೀಶರ ಅಂತಃಸಾಕ್ಷಿಗೆ ಸಮಾಧಾನವಾಗಬೇಕು, ಅನುಮಾನಗಳಿದ್ದರೆ ವಿಲ್ ತಂದವರೇ ಅವನ್ನು ಕಳೆಯಬೇಕು ಎಂಬುದು ಅದರ ತಿರುಳು. ಲಾಭ ಪಡೆಯುವವನೇ ಮುಂದೆ ನಿಂತು ಬರೆಸಿದ್ದು, ನಡುಗಿದ ಸಹಿ, ಆಸ್ಪತ್ರೆಯ ಹಾಸಿಗೆ, ಹೆಂಡತಿಯ ಹೆಸರನ್ನೇ ಎತ್ತದೆ ಬಿಟ್ಟದ್ದು, ಸಾವಿನ ಎಷ್ಟೋ ವರ್ಷದ ಮೇಲೆ ಪೆಟ್ಟಿಗೆಯಿಂದ ಎದ್ದು ಬಂದ ಕಾಗದ, ಇಂಥವು ಅನುಮಾನ ಹುಟ್ಟಿಸುತ್ತವೆ. 2020ರ ಶಿವಕುಮಾರ್ ಮತ್ತು ಶರಣಬಸಪ್ಪ ಪ್ರಕರಣವೂ ಕರ್ನಾಟಕದ್ದೇ, ಅನುಮಾನಗಳು ತೀರದ ಕಾರಣ ಅಲ್ಲಿ ವಿಲ್ ನಿಲ್ಲಲಿಲ್ಲ. ಬರಿಯ ಮುಪ್ಪು ಮಾತ್ರ ಅನುಮಾನವಲ್ಲ. ಎಂಬತ್ತೈದರ ಹಿರಿಯರು ಸ್ವಸ್ಥ ಚಿತ್ತದಿಂದ ಬರೆಸಿದ ವಿಲ್‌ಗೆ ಡಾಕ್ಟರ ಚೀಟಿಯೂ ಕಡ್ಡಾಯವಲ್ಲ.

ಒಂದು ಸೂಕ್ಷ್ಮ ಇಲ್ಲಿ ಎಡವಿಸುತ್ತದೆ. 'ಅಪ್ಪನನ್ನು ಹೆದರಿಸಿ ಬರೆಸಿಕೊಂಡರು', 'ಮೋಸ ಮಾಡಿದರು' ಎಂದು ನಿರ್ದಿಷ್ಟ ಆರೋಪ ಮಾಡಿದರೆ ಅದನ್ನು ಸಾಬೀತು ಮಾಡುವ ಭಾರ ಆರೋಪಿಸಿದವರ ತಲೆಗೇ ಬರುತ್ತದೆ. ಸಿಟ್ಟಿನಲ್ಲಿ ದಾವೆಯ ಕಾಗದಕ್ಕೆ ಎಲ್ಲವನ್ನೂ ತುಂಬುವವರು ಎದುರಾಳಿ ಹೊರಬೇಕಾದ ಹೊರೆಯನ್ನು ತಾವೇ ಎತ್ತಿಕೊಳ್ಳುತ್ತಾರೆ.

ಆರು ಎಕರೆಯ ಲೆಕ್ಕ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಹೆಂಡತಿ ಮೊದಲೇ ತೀರಿಕೊಂಡ ಒಬ್ಬ ರೈತ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು, ಆರು ಎಕರೆ ಅಡಿಕೆ ತೋಟ ಎಂದಿಟ್ಟುಕೊಳ್ಳಿ. ವಿಲ್‌ನಲ್ಲಿ ದೊಡ್ಡವನಿಗೆ 4 ಎಕರೆ, ಚಿಕ್ಕವನಿಗೆ 2, ಹೆಣ್ಣುಮಕ್ಕಳಿಗೆ ಏನೂ ಇಲ್ಲ. ಚಿಕ್ಕವನು ಮೂರು ಎಕರೆ ಬೇಕೆಂದು ದಾವೆ ಹೂಡುತ್ತಾನೆ.

ತೋಟ ಅಪ್ಪನ ಸ್ವಯಾರ್ಜಿತ, ವಿಲ್ ಬಿತ್ತು. ಆಗ ವಿಲ್ ಇಲ್ಲದೆಯೇ ಅಪ್ಪ ಸತ್ತಂತೆ: ನಾಲ್ಕು ಮಕ್ಕಳಿಗೆ ಸಮಪಾಲು, ತಲಾ 1 ಎಕರೆ 20 ಗುಂಟೆ. ವಿಲ್ ಉಳಿದಿದ್ದರೆ ಚಿಕ್ಕವನಿಗೆ ಎರಡು ಎಕರೆ ಸಿಗುತ್ತಿತ್ತು, ಗೆದ್ದು 20 ಗುಂಟೆ ಕಳೆದುಕೊಂಡ. ತಾಯಿ ಬದುಕಿದ್ದಿದ್ದರೆ ಅವರೂ ಒಬ್ಬ ವಾರಸುದಾರರು, ಆಗ ಪಾಲು 1 ಎಕರೆ 8 ಗುಂಟೆಗೆ ಇಳಿಯುತ್ತಿತ್ತು.

ತೋಟ ಒಟ್ಟು ಕುಟುಂಬದ್ದಾಗಿದ್ದರೆ? ತಾಯಿಯಿಲ್ಲದ ಅದೇ ಮನೆಯಲ್ಲಿ ಅಪ್ಪ ಮತ್ತು ನಾಲ್ವರು ಮಕ್ಕಳಿಗೆ ತಲಾ 1 ಎಕರೆ 8 ಗುಂಟೆ. ವಿಲ್ ಓಡುವುದು ಅಪ್ಪನ 1 ಎಕರೆ 8 ಗುಂಟೆಯ ಮೇಲೆ ಮಾತ್ರ. ಅದು ವಿಲ್‌ನ ಎರಡಕ್ಕೊಂದರ ಪ್ರಮಾಣದಲ್ಲೇ ಹಂಚಿಕೆಯಾಯಿತೆಂದರೂ ಚಿಕ್ಕವನಿಗೆ ಇನ್ನು 16 ಗುಂಟೆ, ಒಟ್ಟು 1 ಎಕರೆ 24 ಗುಂಟೆ. ವಿಲ್ ಪೂರ್ತಿ ಬಿದ್ದರೆ ಮತ್ತೆ 1 ಎಕರೆ 20 ಗುಂಟೆ. ಯಾವ ದಾರಿಯಲ್ಲಿ ಹೋದರೂ ಮೂರು ಎಕರೆ ಇಲ್ಲ. ಅವನಿಗೆ ಹೆಚ್ಚು ಕೊಟ್ಟ ಹಿಂದಿನ ಇನ್ನೊಂದು ಸರಿಯಾದ ವಿಲ್ ಇದ್ದರೆ, ಇಲ್ಲವೇ ಅಕ್ಕತಂಗಿಯರು ತಮ್ಮ ಪಾಲನ್ನು ಹಕ್ಕು ಬಿಡುಗಡೆ ಪತ್ರದಲ್ಲಿ ಅವನಿಗೆ ಬಿಟ್ಟುಕೊಟ್ಟರೆ ಮಾತ್ರ ಮಾತು ಬೇರೆ.

ಈ ದಾವೆಯಲ್ಲಿ ನಿಜವಾಗಿ ಗಳಿಸುವವರು ಪೂರ್ತಿ ಕೈಬಿಟ್ಟುಹೋದವರು, ಅಂದರೆ ಹೆಣ್ಣುಮಕ್ಕಳು. ಸೊನ್ನೆಯಿಂದ ಒಂದೂವರೆ ಎಕರೆ. ಅವರನ್ನು ಬದಿಗಿಟ್ಟು ಅಣ್ಣನೊಬ್ಬನ ಮೇಲೆ ಸದ್ದಿಲ್ಲದೆ ದಾವೆ ಹೂಡಲೂ ಬರುವುದಿಲ್ಲ. ವಿಭಾಗದ ದಾವೆಗೆ ಎಲ್ಲ ಪಾಲುದಾರರೂ ಸೇರಬೇಕು, ಮೊದಲೇ ತೀರಿಕೊಂಡ ಮಗನಿದ್ದರೆ ಅವನ ಹೆಂಡತಿ ಮಕ್ಕಳೂ. ಅಪ್ಪ ಬದುಕಿದ್ದಾಗಲೇ ಹೆಣ್ಣುಮಕ್ಕಳಿಂದ 'ಮುಂದೆ ಹಕ್ಕು ಕೇಳುವುದಿಲ್ಲ' ಎಂದು ಬರೆಸಿಕೊಂಡ ಕಾಗದ ಅಪ್ಪನ ಸ್ವಯಾರ್ಜಿತದ ಮಟ್ಟಿಗೆ ಸಾಮಾನ್ಯವಾಗಿ ಉಪಯೋಗಕ್ಕೆ ಬಾರದು. ಇನ್ನೂ ಹುಟ್ಟದ ಹಕ್ಕನ್ನು ಬಿಟ್ಟುಕೊಡಲು ಬರುವುದಿಲ್ಲ.

ಪಹಣಿಯ ಜಗಳ, ಕೋರ್ಟಿನ ಜಗಳ

ಪೌತಿ ಖಾತೆಗೆ ತಕರಾರು ಅರ್ಜಿ ಬಿದ್ದರೆ ಕಂದಾಯ ಅಧಿಕಾರಿ ವಿಚಾರಣೆ ನಡೆಸುತ್ತಾರೆ, ಮೇಲ್ಮನವಿ ಉಪವಿಭಾಗಾಧಿಕಾರಿಗೆ, ಅಲ್ಲಿಂದ ಜಿಲ್ಲಾಧಿಕಾರಿಗೆ. ವರ್ಷಗಟ್ಟಲೆ ಈ ಮೆಟ್ಟಿಲು ಹತ್ತಿಳಿದ ಮೇಲೂ ಅವರು ವಿಲ್ ಅಸಲಿಯೋ ನಕಲಿಯೋ ಎಂದು ಅಂತಿಮವಾಗಿ ತೀರ್ಮಾನಿಸಲಾರರು. ಪಹಣಿಯ ಹೆಸರು ಕಂದಾಯ ವಸೂಲಿಗೆ, ಹಕ್ಕಿನ ತೀರ್ಮಾನ ಸಿವಿಲ್ ಕೋರ್ಟಿಗೆ. ತಕರಾರು ಅರ್ಜಿ ಹಾಕಿ ಕಾದು ಕೂರುವವರು ಕಾಲಮಿತಿ ಮರೆಯುತ್ತಾರೆ: ಹಕ್ಕು ಘೋಷಣೆ ಕೇಳುವ ದಾವೆಗೆ 3 ವರ್ಷ, ಒಟ್ಟು ಕುಟುಂಬದ ಆಸ್ತಿಯಿಂದ ಹೊರಗಿಟ್ಟದ್ದು ಗೊತ್ತಾದ ಮೇಲೆ ಪಾಲು ಕೇಳಲು 12 ವರ್ಷ.

ಖರ್ಚಿನಲ್ಲೂ ಒಂದು ವಿಚಿತ್ರ ಇದೆ. ಜಂಟಿ ಸ್ವಾಧೀನದಲ್ಲಿದ್ದೇನೆ ಎಂದು ವಿಭಾಗ ಕೇಳಿದರೆ ಕೋರ್ಟ್ ಫೀ ಹೆಚ್ಚೆಂದರೆ 200 ರೂಪಾಯಿ, 1958ರ ಕಾಯ್ದೆ ನಿಗದಿ ಮಾಡಿದ್ದು. ಸ್ವಾಧೀನದಿಂದ ಹೊರಗಿದ್ದೇನೆ ಎಂದರೆ ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ ಫೀ. ಊರು ಬಿಟ್ಟು ಬೆಂಗಳೂರಿನಲ್ಲಿರುವವರೂ 'ಜಂಟಿ ಸ್ವಾಧೀನ' ಎಂದು ಬರೆಸುವುದರ ಹಿಂದೆ ಈ ಲೆಕ್ಕವಿದೆ.

ದಾವಣಗೆರೆ ಜಿಲ್ಲೆಯ ಹಳೆಯ ದಾಖಲೆ ಹುಡುಕುವವರು ಇನ್ನೊಂದು ನೆನಪಿಡಬೇಕು. ಮುಚ್ಚಿದ ಲಕೋಟೆಯಲ್ಲಿ ವಿಲ್ ಇಡುವ ವ್ಯವಸ್ಥೆ ಇರುವುದು ಜಿಲ್ಲಾ ನೋಂದಣಾಧಿಕಾರಿಯ ಬಳಿ. 1997ಕ್ಕೆ ಮೊದಲಿನದಾದರೆ ಚಿತ್ರದುರ್ಗದಲ್ಲೂ, ಚನ್ನಗಿರಿ, ಹೊನ್ನಾಳಿಯವರದಾದರೆ ಶಿವಮೊಗ್ಗದಲ್ಲೂ ವಿಚಾರಿಸಬೇಕಾದೀತು.

ಡಿಕ್ರಿಯ ನಂತರ

ವಿಭಾಗದ ದಾವೆಯಲ್ಲಿ ಮೊದಲು ಬರುವುದು ಪ್ರಾಥಮಿಕ ಡಿಕ್ರಿ: ಯಾರಿಗೆ ಎಷ್ಟನೇ ಒಂದು ಪಾಲು ಎಂಬುದಷ್ಟೇ. ಜಮೀನನ್ನು ನೆಲದ ಮೇಲೆ ಕತ್ತರಿಸುವುದು ಅಂತಿಮ ಡಿಕ್ರಿಯ ಹಂತ. ಕಂದಾಯ ಕಟ್ಟುವ ಜಮೀನಾದರೆ ಆ ಕೆಲಸ ಜಿಲ್ಲಾಧಿಕಾರಿಯ ಕೈಕೆಳಗಿನ ಅಧಿಕಾರಿಗಳದು, ಸರ್ವೆ, ಪೋಡಿ (ಸರ್ವೆ ನಂಬರನ್ನು ಪಾಲಿನಂತೆ ಒಡೆಯುವುದು), ನಕ್ಷೆ ಎಲ್ಲ ಆಗಬೇಕು. ಮಧ್ಯೆ ಹೈಕೋರ್ಟಿಗೆ ಮೇಲ್ಮನವಿ ಹೋದರೆ ಬೆಂಗಳೂರು. ಪಕ್ಕದ ಹಾವೇರಿಯವರಿಗೆ ಧಾರವಾಡ ಪೀಠವಿದೆ, ದಾವಣಗೆರೆ, ಚಿತ್ರದುರ್ಗದವರಿಗೆ ಇಲ್ಲ.

ಈ ಉದ್ದದ ದಾರಿ ನೋಡಿಯೇ ಅನೇಕರು ಲೋಕ ಅದಾಲತ್‌ನಲ್ಲೋ ಮಧ್ಯಸ್ಥಿಕೆಯಲ್ಲೋ ರಾಜಿಯಾಗುತ್ತಾರೆ. ಸಿರಿಗೆರೆಯ ತರಳಬಾಳು ಮಠದಲ್ಲಿ ಸೋಮವಾರ ಸೇರುವ ಸದ್ಧರ್ಮ ನ್ಯಾಯಪೀಠಕ್ಕೂ ಇಂಥ ಪಾಲಿನ ಜಗಳಗಳು ಹೋಗುತ್ತವೆ. ಎಲ್ಲೇ ರಾಜಿಯಾಗಲಿ, ಬರವಣಿಗೆಯ ಸ್ವರೂಪ ಮುಖ್ಯ. 'ಇಂದಿನಿಂದ ಈ ಜಮೀನು ಇಂಥವರಿಗೆ' ಎಂದು ಕಾಗದದಲ್ಲೇ ಹಕ್ಕು ಹುಟ್ಟಿಸಿದರೆ ನೋಂದಣಿ ಬೇಕು. ಮೊದಲೇ ಬಾಯಿಮಾತಿನಲ್ಲಿ ಆದ ಒಪ್ಪಂದವನ್ನು ನೆನಪಿಗೆ ಬರೆದಿಟ್ಟದ್ದಾದರೆ ಬೇಡ. ದಾವೆಯಲ್ಲಿರುವ ಆಸ್ತಿಗೆ ಕೋರ್ಟಿನಲ್ಲೇ ರಾಜಿ ಡಿಕ್ರಿ ಪಡೆದರೂ ಬೇಡ.

ಡಿಕ್ರಿ ಎಕರೆ, ಗುಂಟೆ ಹೇಳುತ್ತದೆ. ಆರು ಎಕರೆ ತೋಟಕ್ಕೆ ಇರುವುದು ಒಂದೇ ಬೋರ್‌ವೆಲ್ ಆಗಿದ್ದರೆ ಅದು ಯಾವ ಒಂದೂವರೆ ಎಕರೆಯೊಳಗೆ ಬೀಳುತ್ತದೆ, ಮೋಟರಿನ ಕರೆಂಟ್ ಯಾರ ಹೆಸರಲ್ಲಿ, ಉಳಿದ ಮೂವರಿಗೆ ವಾರದಲ್ಲಿ ಯಾವ ದಿನ ನೀರು ಎಂಬುದನ್ನು ಬರೆಸಿಕೊಂಡವರು ಹೆಚ್ಚಾಗಿ ರಾಜಿಯವರೇ.